ಸ್ಪ್ರಿಂಗನ್ನು ಬೈಯುವ ಮೊದಲು: ಏರ್ ಪಿಸ್ತೂಲಿನ ದೋಷ ಹುಡುಕುವ ಬಗೆ

10 ಮೀಟರ್ ದೂರದಲ್ಲಿ ಅಂಟಿಸಿದ ಕಾಗದದ ಮೇಲೆ ನನ್ನ ಏರ್ ಪಿಸ್ತೂಲಿನ ಸಣ್ಣ ಲೋಹದ ಗುಂಡುಗಳು, ಅಂದರೆ ಪೆಲೆಟ್‌ಗಳು ಒಂದು ದಿನ ಎರಡು ಬೆರಳು ಕೆಳಗೆ ಬೀಳತೊಡಗಿದವು. ಗುರಿ ಅದೇ, ಕೈ ಅದೇ, ಪೆಲೆಟ್ ಡಬ್ಬಿಯೂ ಅದೇ. ಸದ್ದು ಮಾತ್ರ ಬದಲಾಗಿತ್ತು. ಮೊದಲು 'ಟಪ್' ಅಂತ ಒಣ ಸದ್ದು ಬರುತ್ತಿತ್ತು. ಈಗ 'ಠಣ್' ಅಂತ ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗೆ ಕೇಳುತ್ತಿತ್ತು. ಸ್ಪ್ರಿಂಗ್ ಹೋಯಿತು ಅಂತ ಆಗಲೇ ತೀರ್ಮಾನ ಮಾಡಿಬಿಟ್ಟೆ. ಹೊಸ ಸ್ಪ್ರಿಂಗ್ ತರಿಸಿದೆ. ಎರಡು ಸಂಜೆ ಕೂತು ಪಿಸ್ತೂಲು ಬಿಚ್ಚಿದೆ, ಸ್ಪ್ರಿಂಗ್ ಹಾಕಿದೆ, ಮತ್ತೆ ಜೋಡಿಸಿದೆ. ಪೆಲೆಟ್ ಆಗಲೂ ಎರಡು ಬೆರಳು ಕೆಳಗೇ ಬಿತ್ತು.

ದೋಷ ಇದ್ದದ್ದು ಬ್ಯಾರೆಲ್ಲಿನ ಹಿಂಬಾಯಿಯ ಸುತ್ತ ಕೂರುವ ಪುಟ್ಟ ಉಂಗುರದಲ್ಲಿ. ಅದನ್ನು ಬದಲಿಸಲು ಒಂದು ಸೂಜಿ ಮತ್ತು ಎರಡು ನಿಮಿಷ ಸಾಕು. ಪಿಸ್ತೂಲು ಬಿಚ್ಚುವ ಅಗತ್ಯವೇ ಇರಲಿಲ್ಲ. ಅಷ್ಟೇ ಅಲ್ಲ, ಸುಮ್ನೆ ಬಿಚ್ಚಿದ ತಪ್ಪಿಗೆ ಇನ್ನೊಂದು ದೋಷವನ್ನು ನಾನೇ ಒಳಗೆ ಸೇರಿಸಿದ್ದೆ. ಆ ಕತೆ ಮುಂದೆ ಬರುತ್ತದೆ. ಹಾಗಾಗಿ ಈ ಕೈಪಿಡಿ ಹೊರಗಿನಿಂದ ಒಳಕ್ಕೆ ಹೋಗುತ್ತದೆ. ಸ್ಪ್ರಿಂಗ್ ಸರದಿ ಕೊನೆಗೆ.

ಒಳಗೆ ನಡೆಯುವುದೇನು

ಬ್ಯಾರೆಲ್ಲನ್ನು ಕೆಳಗೆ ಬಗ್ಗಿಸಿದಾಗ ಅದಕ್ಕೆ ಸಿಕ್ಕಿಸಿದ ಲಿಂಕ್ ಕಡ್ಡಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಪಿಸ್ಟನ್ ಹಿಂದಿನ ಸ್ಪ್ರಿಂಗ್ ಕುಗ್ಗುತ್ತದೆ. ಕೊನೆಯಲ್ಲಿ ಸಿಯರ್ ಅನ್ನುವ ಕೊಕ್ಕೆ ಪಿಸ್ಟನ್ನನ್ನು ಹಿಡಿದುಕೊಳ್ಳುತ್ತದೆ. ಟ್ರಿಗರ್ ಎಳೆದರೆ ಕೊಕ್ಕೆ ಬಿಡುತ್ತದೆ, ಪಿಸ್ಟನ್ ಮುಂದಕ್ಕೆ ಚಿಮ್ಮುತ್ತದೆ, ಸಿಲಿಂಡರಿನಲ್ಲಿದ್ದ ಗಾಳಿಯನ್ನು ಒತ್ತುತ್ತದೆ. ಆ ಗಾಳಿ ಸಿಲಿಂಡರಿನ ತುದಿಯ ಸಣ್ಣ ತೂತಿನಿಂದ ನುಗ್ಗಿ ಪೆಲೆಟ್ಟನ್ನು ದೂಡುತ್ತದೆ. ಈ ತೂತಿಗೆ ಟ್ರಾನ್ಸ್‌ಫರ್ ಪೋರ್ಟ್ ಅನ್ನುತ್ತಾರೆ. ನಾನು ಗಾಳಿಕಿಂಡಿ ಅನ್ನುತ್ತೇನೆ.

ಪೆಲೆಟ್ಟನ್ನು ಸ್ಪ್ರಿಂಗ್ ತಳ್ಳುವುದಿಲ್ಲ, ಗಾಳಿ ತಳ್ಳುತ್ತದೆ. ಇದನ್ನು ಮರೆತದ್ದೇ ನನ್ನ ಮೊದಲ ತಪ್ಪು. ಸ್ಪ್ರಿಂಗ್ ಎಷ್ಟೇ ಗಟ್ಟಿ ಇರಲಿ, ಗಾಳಿ ದಾರಿಯಲ್ಲೇ ಸೋರಿದರೆ ಪೆಲೆಟ್ ನಿಧಾನವಾಗುತ್ತದೆ.

ಆ ಗಾಳಿಗೆ ಇನ್ನೊಂದು ಕೆಲಸವೂ ಇದೆ. ಕೊನೆಯ ಕ್ಷಣದಲ್ಲಿ ಅದು ಪಿಸ್ಟನ್ನಿಗೆ ದಿಂಬಿನ ಹಾಗೆ ಆಗುತ್ತದೆ, ಹೊಡೆತವನ್ನು ತಡೆಯುತ್ತದೆ. ಗಾಳಿ ಬೇಗ ಸೋರಿ ಹೋದರೆ ದಿಂಬು ಇಲ್ಲ. ಪಿಸ್ಟನ್ ನೇರವಾಗಿ ಸಿಲಿಂಡರಿನ ತುದಿಗೆ ಬಡಿಯುತ್ತದೆ. ನನಗೆ ಕೇಳಿದ 'ಠಣ್' ಅದೇ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಬಾರದು ಅನ್ನುವುದೂ ಇದೇ ಕಾರಣಕ್ಕೆ. ಸೋರುವ ಪಿಸ್ತೂಲನ್ನು ಹಾಗೇ ಬಳಸುತ್ತ ಹೋದರೆ ಪಿಸ್ಟನ್ ಸೀಲ್, ಅಂದರೆ ಗಾಳಿ ಸೋರದ ಹಾಗೆ ಪಿಸ್ಟನ್ನಿನ ಮುಂತುದಿಗೆ ಹಾಕಿದ ಮುಚ್ಚಳ, ಜಜ್ಜಿಹೋಗುತ್ತದೆ, ಸ್ಪ್ರಿಂಗೂ ಮುರಿಯಬಹುದು. ಅಂದರೆ ಮುರಿದ ಸ್ಪ್ರಿಂಗ್ ಸಿಕ್ಕಿದರೂ ಮೂಲ ಬೇರೆ ಕಡೆ ಇರಬಹುದು.

ಎಲ್ಲ ಪಿಸ್ತೂಲೂ ಹೀಗೇ ಇರುವುದಿಲ್ಲ. 1924ರಲ್ಲಿ ಶುರುವಾದ ವೆಬ್ಲಿ ಪಿಸ್ತೂಲುಗಳಲ್ಲಿ ಬ್ಯಾರೆಲ್ ಸಿಲಿಂಡರಿನ ಮೇಲೆ ಕೂತಿರುತ್ತದೆ, ಪಿಸ್ಟನ್ ಹೊಡೆಯುವವರ ಕಡೆಗೇ ಹಿಂದಕ್ಕೆ ಓಡುತ್ತದೆ. ಡಯಾನಾದ ಕೆಲವು ಹಳೆಯ ಸ್ಪರ್ಧಾ ಪಿಸ್ತೂಲುಗಳಲ್ಲಿ ಎದುರುಬದುರು ಓಡುವ ಎರಡು ಪಿಸ್ಟನ್ ಇರುತ್ತವೆ. ಒಂದರ ಧಕ್ಕೆಯನ್ನು ಇನ್ನೊಂದು ನುಂಗುತ್ತದೆ. ಅವೆರಡನ್ನೂ ಹಲ್ಲಿನ ಚಕ್ರದಿಂದ ಹೊಂದಿಸಿರುತ್ತಾರೆ, ಒಂದು ಹಲ್ಲು ತಪ್ಪಿದರೂ ಲೆಕ್ಕ ಕೆಡುತ್ತದೆ. ಅಂಥದ್ದನ್ನು ಮನೆಯಲ್ಲಿ ಬಿಚ್ಚಬೇಡಿ. ಇಲ್ಲಿ ಹೇಳುವುದು ಬ್ಯಾರೆಲ್ ಬಗ್ಗಿಸುವ ಸಾದಾ ಪಿಸ್ತೂಲಿನ ಬಗ್ಗೆ.

ಕೈ ಹಾಕುವ ಮೊದಲು

ಪಿಸ್ತೂಲಿನಲ್ಲಿ ಪೆಲೆಟ್ ಇಲ್ಲ ಅಂತ ಕಣ್ಣಾರೆ ನೋಡಿ. ಕಾಕ್ ಆಗಿಲ್ಲ, ಅಂದರೆ ಸ್ಪ್ರಿಂಗ್ ಕುಗ್ಗಿ ಸಿಯರ್ ಪಿಸ್ಟನ್ನನ್ನು ಹಿಡಿದ ಸ್ಥಿತಿಯಲ್ಲಿಲ್ಲ, ಅಂತ ಖಾತ್ರಿ ಮಾಡಿಕೊಳ್ಳಿ. ಬ್ಯಾರೆಲ್ಲನ್ನು ಮೆಲ್ಲಗೆ ಬಗ್ಗಿಸಿದರೆ ಶುರುವಿನಿಂದಲೇ ಸ್ಪ್ರಿಂಗಿನ ಒತ್ತಡ ಕೈಗೆ ತಗುಲಬೇಕು. ಸಡಿಲವಾಗಿ ಕೆಳಗಿನವರೆಗೆ ಬಂದರೆ ಅದು ಬಹುಶಃ ಕಾಕ್ ಆಗಿಯೇ ಇದೆ. ಕಾಕ್ ಮಾಡುವಾಗ, ಪೆಲೆಟ್ ತುಂಬುವಾಗ ಬ್ಯಾರೆಲ್ಲನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದಿರಿ. ಸವೆದ ಸಿಯರ್ ಜಾರಿದರೆ ಬ್ಯಾರೆಲ್ ಬಾಗಿಲಿನ ಹಾಗೆ ಫಟಾರನೆ ಮುಚ್ಚಿಕೊಳ್ಳುತ್ತದೆ. ನಡುವೆ ಬೆರಳಿದ್ದರೆ ಮೂಳೆ ಮುರಿಯುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿ. ಹೊಡೆದು ನೋಡುವಾಗಲೂ, ಬಿಚ್ಚುವಾಗಲೂ.

ವೇಗ ಅಳೆಯಿರಿ, ಊಹಿಸಬೇಡಿ

'ಪವರ್ ಕಡಿಮೆ ಆಗಿದೆ' ಅನ್ನುವುದು ದೂರು, ಅಳತೆ ಅಲ್ಲ. ಪೆಲೆಟ್ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ 10 ಸಲ ಹೊಡೆದು ಬರೆದಿಡಿ. ಇಲ್ಲದಿದ್ದರೆ ಫೋನ್ ಸಾಕು. ಬ್ಯಾರೆಲ್ ಬಾಯಿಯ ಪಕ್ಕ ಫೋನ್ ಇಟ್ಟು ಸದ್ದನ್ನು ರೆಕಾರ್ಡ್ ಮಾಡಿ. ಸರಿಯಾಗಿ 10 ಮೀಟರ್ ಅಳೆದು ಅಲ್ಲಿ ಬಿಗಿಯಾದ ರಟ್ಟು ನಿಲ್ಲಿಸಿ. ಹಿಂದೆ ಪೆಲೆಟ್ ತಡೆಯುವ ಹಳೆ ಬಟ್ಟೆ ತುಂಬಿದ ಪೆಟ್ಟಿಗೆ ಇರಲಿ. ರೆಕಾರ್ಡಿಂಗಿನ ಅಲೆಗಳಲ್ಲಿ ಎರಡು ಮೊನೆ ಕಾಣುತ್ತವೆ. ಒಂದು ಹೊಡೆದದ್ದು, ಇನ್ನೊಂದು ತಗುಲಿದ್ದು.

ನಡುವಿನ ಸಮಯದಲ್ಲಿ ಸದ್ದು ಮರಳಿ ಬರುವ ಹೊತ್ತೂ ಸೇರಿದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ 10 ಮೀಟರಿಗೆ 0.029 ಸೆಕೆಂಡ್ ಕಳೆಯಬೇಕು. ಉದಾಹರಣೆಗೆ ಎರಡು ಮೊನೆಗಳ ನಡುವೆ 0.112 ಸೆಕೆಂಡ್ ಇದ್ದರೆ ಪೆಲೆಟ್ ತೆಗೆದುಕೊಂಡದ್ದು 0.083 ಸೆಕೆಂಡ್. 10ನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 120 ಮೀಟರ್. ನನ್ನದು ಚೆನ್ನಾಗಿದ್ದಾಗ ಬರುತ್ತಿದ್ದ ವೇಗ ಇಷ್ಟೇ. ಕೆಟ್ಟ ದಿನ ಬಂದದ್ದು 0.147 ಸೆಕೆಂಡ್, ಅಂದರೆ 85 ಮೀಟರ್.

120ರಿಂದ 85 ಅಂದರೆ ದೊಡ್ಡ ಇಳಿತ ಅಲ್ಲ ಅನ್ನಿಸಬಹುದು. ಆದರೆ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಅರ್ಧ ಗ್ರಾಂ ಪೆಲೆಟ್ಟಿಗೆ 120 ಮೀಟರ್ ವೇಗದಲ್ಲಿ 3.6 ಜೂಲ್ ಶಕ್ತಿ ಇದ್ದರೆ, 85ರಲ್ಲಿ ಬರೀ 1.8 ಜೂಲ್. ಅರ್ಧಕ್ಕರ್ಧ ಹೋಯಿತು. 10 ಮೀಟರ್ ದೂರದಲ್ಲಿ ಇದರಿಂದ ಪೆಲೆಟ್ ಮೂರೂವರೆ ಸೆಂಟಿಮೀಟರ್ ಹತ್ತಿರ ಜಾಸ್ತಿ ಕೆಳಗೆ ಬೀಳುತ್ತದೆ. ನನ್ನ ಎರಡು ಬೆರಳಿನ ಲೆಕ್ಕ ಸರಿಹೋಯಿತು ನೋಡಿ.

ಸರಾಸರಿಯ ಜೊತೆ ಹೊಡೆತದಿಂದ ಹೊಡೆತಕ್ಕೆ ಇರುವ ವ್ಯತ್ಯಾಸವನ್ನೂ ನೋಡಿ. ಎಲ್ಲವೂ ಒಂದೇ ಸಮ ಕಡಿಮೆ ಇದ್ದರೆ ಒಳಗೆ ಏನೋ ಸ್ಥಿರವಾಗಿ ಕೆಟ್ಟಿದೆ. ಸವೆದ ಸೀಲ್, ಕುಗ್ಗಿದ ಸ್ಪ್ರಿಂಗ್, ಹೀಗೆ. ಒಂದು 115, ಮುಂದಿನದು 90, ಅದರ ಮುಂದಿನದು 130 ಅಂತ ಕುಣಿದರೆ ಎಣ್ಣೆ, ಪೆಲೆಟ್ ಅಥವಾ ಸರಿಯಾಗಿ ಮುಚ್ಚದ ಬ್ಯಾರೆಲ್ ಮೇಲೆ ನನ್ನ ಅನುಮಾನ.

ಬಿಚ್ಚದೆ ನೋಡಬಹುದಾದದ್ದು

ಮೊದಲು ಸ್ಕ್ರೂಗಳು. ಸ್ಪ್ರಿಂಗ್ ಪಿಸ್ತೂಲು ಪ್ರತಿ ಹೊಡೆತಕ್ಕೂ ಎರಡು ದಿಕ್ಕಿಗೆ ಒದೆಯುತ್ತದೆ. ಪಿಸ್ಟನ್ ಹೊರಟಾಗ ಒಂದು, ನಿಂತಾಗ ಇನ್ನೊಂದು. ಇದರಿಂದ ಸ್ಕ್ರೂಗಳು ತಾವಾಗೇ ಸಡಿಲವಾಗುತ್ತವೆ. ಗುರಿ ನೋಡುವ ಹಿಂದಿನ ಸೈಟ್ ಅಲ್ಲಾಡುತ್ತಿದ್ದರೆ ಗುರಿ ಚೆಲ್ಲಾಪಿಲ್ಲಿ ಆಗುವುದು ಸಹಜ. ಅದಕ್ಕೆ ಸ್ಪ್ರಿಂಗ್ ಏನು ಮಾಡೀತು?

ಆಮೇಲೆ ಬ್ಯಾರೆಲ್. ಮುಚ್ಚಿದ ಸ್ಥಿತಿಯಲ್ಲಿ ಅದನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಪಕ್ಕಕ್ಕೆ ಆಡಿದರೆ ಕೀಲಿನ ಬೋಲ್ಟ್ ಸಡಿಲ, ಬಿಗಿ ಮಾಡಿ. ಮೇಲೆ ಕೆಳಗೆ ಆಡಿದರೆ ಬ್ಯಾರೆಲ್ಲನ್ನು ಮುಚ್ಚಿ ಹಿಡಿಯುವ ಚಿಲಕದ ಸಣ್ಣ ಸ್ಪ್ರಿಂಗ್ ಸೋತಿದೆ, ಅಥವಾ ಅಲ್ಲಿ ಕೊಳೆ ಕೂತಿದೆ. ಬ್ಯಾರೆಲ್ ಪೂರ್ತಿ ಮುಚ್ಚದಿದ್ದರೆ ಮುಂದಿನ ಪರೀಕ್ಷೆಗೆ ಅರ್ಥ ಇಲ್ಲ.

ಈಗ ಬ್ರೀಚ್ ಸೀಲ್. ಬ್ಯಾರೆಲ್ ಹಿಂಬಾಯಿಯ ಸುತ್ತ, ಅಥವಾ ಕೆಲವದರಲ್ಲಿ ಎದುರಿನ ಸಿಲಿಂಡರಿನ ಮುಖದಲ್ಲಿ, ಕೂರುವ ಉಂಗುರ ಇದು. ಹಳೆಯ ಪಿಸ್ತೂಲಾದರೆ ಚರ್ಮದ ವಾಶರ್ ಇರಬಹುದು. ಟಿಶ್ಯೂ ಕಾಗದದ ತೆಳು ಪಟ್ಟಿ ಹರಿದು, ಬ್ಯಾರೆಲ್ ಮತ್ತು ಸಿಲಿಂಡರ್ ಕೂಡುವ ಗೆರೆಯ ಮೇಲೆ ಇಡಿ. ಒಂದು ತುದಿಯನ್ನು ಟೇಪಿನಿಂದ ಅಂಟಿಸಿ, ಇಲ್ಲದಿದ್ದರೆ ಒದೆತಕ್ಕೇ ಹಾರಿಹೋಗಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಪೆಲೆಟ್ ಹಾಕಿ ಹೊಡೆಯಿರಿ. ಪಟ್ಟಿ ಅಲುಗಿದರೆ ಪರವಾಗಿಲ್ಲ. ಊದಿದ ಹಾಗೆ ಮೇಲಕ್ಕೆ ಎದ್ದರೆ ಗಾಳಿ ಅಲ್ಲಿ ಸೋರುತ್ತಿದೆ. ಮೇಲೆ, ಎಡಕ್ಕೆ, ಬಲಕ್ಕೆ ಮೂರೂ ಕಡೆ ನೋಡಿ. ನನ್ನದರಲ್ಲಿ ಮೇಲೆ ಏನೂ ಇರಲಿಲ್ಲ, ಎಡಗಡೆ ಪಟ್ಟಿ ಹರಿದೇ ಹೋಯಿತು.

ಉಂಗುರವನ್ನು ಬೆರಳಿನಿಂದ ಸವರಿ ನೋಡಿ. ಅದು ಸುತ್ತಲಿನ ಲೋಹಕ್ಕಿಂತ ಕೂದಲೆಳೆಯಷ್ಟು ಮೇಲೆ ಇರಬೇಕು. ಲೋಹಕ್ಕೆ ಸಮನಾಗಿದ್ದರೆ ಅಥವಾ ಒಳಗೆ ಇಳಿದಿದ್ದರೆ ಅದರ ಕೆಲಸ ಮುಗಿದಿದೆ. ಸೂಜಿಯಿಂದ ಎತ್ತಿ ತೆಗೆಯಿರಿ, ಅದು ಕೂರುವ ತೋಡನ್ನು ಗೀರಬೇಡಿ. ಹೊಸದರ ಅಳತೆಗೆ ಹಳೆಯ ಉಂಗುರವನ್ನು ನಂಬಬೇಡಿ, ಅದು ಚಪ್ಪಟೆಯಾಗಿರುತ್ತದೆ. ತೋಡಿನ ಅಗಲ, ಆಳ ಅಳೆದು ಓ-ರಿಂಗ್ (ರಬ್ಬರಿನ ದುಂಡು ಉಂಗುರ) ಆರಿಸಿ. ಹೊಸ ಉಂಗುರವೂ ಸ್ವಲ್ಪ ತಗ್ಗಿದ್ದರೆ ಅದರ ಕೆಳಗೆ ತೆಳು ಕಾಗದದ ಉಂಗುರ ಕತ್ತರಿಸಿ ಇಡಬಹುದು. ಆದರೆ ತೀರಾ ಎತ್ತರ ಆದರೆ ಬ್ಯಾರೆಲ್ ಮುಚ್ಚುವುದಿಲ್ಲ, ಗುರಿಯೂ ಮೇಲೆ ಕೆಳಗೆ ಆಗುತ್ತದೆ.

ಈ ಉಂಗುರ ಬದಲಿಸಿದ ಮೇಲೆ ನನ್ನ ವೇಗ 85ರಿಂದ 104ಕ್ಕೆ ಏರಿತು. ಖುಷಿ ಆಯಿತು. ಆದರೆ 120 ಎಲ್ಲಿ?

ಅದಕ್ಕೆ ಹೋಗುವ ಮೊದಲು ಪೆಲೆಟ್ ವಿಷಯ ಮುಗಿಸಿಬಿಡೋಣ. ಬೆರಳಿನಿಂದ ಒತ್ತಿದಾಗ ಪೆಲೆಟ್ ಸ್ವಲ್ಪ ತಡೆದು ಕೂರಬೇಕು. ತಾನಾಗೇ ಜಾರಿ ಒಳಗೆ ಬಿದ್ದರೆ ಸುತ್ತಲೂ ಗಾಳಿ ಸೋರುತ್ತದೆ. ತೀರಾ ಹಗುರದ ಪೆಲೆಟ್ ಬೇಗ ಹೊರಟುಬಿಡುತ್ತದೆ, ಪಿಸ್ಟನ್ನಿಗೆ ದಿಂಬು ಸಿಗುವುದಿಲ್ಲ. ಅದರಲ್ಲೂ 'ಠಣ್' ಕೇಳಬಹುದು. ಬೇರೆ ತೂಕದ ಪೆಲೆಟ್ ಹಾಕಿ ಹೋಲಿಸಿ ನೋಡಿ.

ಹೊಗೆ, ವಾಸನೆ, ಸಿಡಿತ

ಹೊಡೆದ ಮೇಲೆ ಬ್ಯಾರೆಲ್ಲಿನಿಂದ ನೀಲಿ ಹೊಗೆ ಬರುತ್ತಿದೆಯೇ? ಸುಟ್ಟ ಎಣ್ಣೆಯ ವಾಸನೆಯೇ? ಕೆಲವು ಹೊಡೆತಕ್ಕೆ ಪಟಾಕಿಯಂಥ ಸದ್ದೇ? ಇದಕ್ಕೆ ಡೀಸಲಿಂಗ್ ಅನ್ನುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಆಗುವುದೂ ಇದೇ. ಗಾಳಿಯನ್ನು ಕ್ಷಣದಲ್ಲಿ ಒತ್ತಿದರೆ ಅದು ನೂರಾರು ಡಿಗ್ರಿ ಬಿಸಿಯಾಗುತ್ತದೆ. ಅಲ್ಲಿ ಎಣ್ಣೆಯ ಹನಿ ಇದ್ದರೆ ಹೊತ್ತಿಕೊಳ್ಳುತ್ತದೆ. ಆ ಹೊಡೆತದಲ್ಲಿ ವೇಗ ಜಾಸ್ತಿ ಬರುತ್ತದೆ. ಅದನ್ನು ನೋಡಿ 'ಎಣ್ಣೆ ಹಾಕಿದ ಮೇಲೆ ಪವರ್ ಬಂತು' ಅಂತ ಹಿಗ್ಗುವವರಿದ್ದಾರೆ. ಸೀಲ್ ಸುಡುತ್ತಿರುವುದು ಅವರಿಗೆ ಕಾಣುವುದಿಲ್ಲ.

ಇದರ ಮೂಲ ಬಹಳ ಸಲ ಮಾಲೀಕರೇ. ಕೀರಲು ಸದ್ದು ಬಂತು ಅಂತ ಹೊಲಿಗೆ ಮೆಷಿನ್ ಎಣ್ಣೆ ಹಾಕುತ್ತಾರೆ, ಅಥವಾ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುತ್ತಾರೆ. ಗಾಳಿಕಿಂಡಿಯ ಹತ್ತಿರ ಪೆಟ್ರೋಲಿಯಂ ಎಣ್ಣೆ ಯಾವುದೂ ಹೋಗಬಾರದು. ಸಿಂಥೆಟಿಕ್ ಸೀಲ್ ಇದ್ದರೆ, ಕಾಕ್ ಮಾಡುವಾಗ ಕೀರಲು ಸದ್ದು ಬಂದಾಗ ಮಾತ್ರ, ಗಾಳಿಕಿಂಡಿಗೆ ಒಂದೇ ಹನಿ ಶುದ್ಧ ಸಿಲಿಕೋನ್ ಎಣ್ಣೆ ಸಾಕು. ಆ ಸಿಲಿಕೋನ್ ಎಣ್ಣೆಯನ್ನು ಸ್ಪ್ರಿಂಗಿಗೋ ಸಿಯರಿಗೋ ಹಾಕಬೇಡಿ. ಉಕ್ಕಿಗೆ ಉಕ್ಕು ಉಜ್ಜುವ ಜಾಗದಲ್ಲಿ ಅದು ನಿಲ್ಲುವುದಿಲ್ಲ. ಚರ್ಮದ ಸೀಲಿನ ಮಾತು ಬೇರೆ. ಚರ್ಮ ಒಣಗಿದರೆ ಸುಕ್ಕಾಗಿ ಸೋರುತ್ತದೆ, ಹಾಗಾಗಿ ಅದಕ್ಕೆ ಎಣ್ಣೆಯ ಪಸೆ ಬೇಕೇ ಬೇಕು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಹಳೆ ಪಿಸ್ತೂಲು ಎರಡು ಹನಿ ಎಣ್ಣೆಗೆ ಮರುದಿನ ಚೇತರಿಸಿಕೊಳ್ಳುವುದು ಇದರಿಂದಲೇ.

ಬಿಚ್ಚಿ ಜೋಡಿಸಿದ ಮೇಲೆ ಮೊದಲ 20–30 ಹೊಡೆತಕ್ಕೆ ಸ್ವಲ್ಪ ಹೊಗೆ ಬಂದರೆ ಗಾಬರಿ ಬೇಡ. ಅದರ ನಂತರವೂ ನಿಲ್ಲದಿದ್ದರೆ ಒಳಗೆ ಗ್ರೀಸ್ ಜಾಸ್ತಿ ಆಗಿದೆ.

ಕಾಕ್ ನಿಲ್ಲುತ್ತಿಲ್ಲ, ಟ್ರಿಗರ್ ಬಿಡುತ್ತಿಲ್ಲ

ಬ್ಯಾರೆಲ್ ಪೂರ್ತಿ ಬಗ್ಗಿಸಿದರೂ 'ಕ್ಲಿಕ್' ಕೇಳುವುದಿಲ್ಲವೇ? ಟ್ರಿಗರ್ ಸ್ಕ್ರೂವನ್ನು ಯಾರಾದರೂ ತೀರಾ ಹಗುರ ಮಾಡಿದ್ದಾರೆಯೇ ನೋಡಿ. ತಿರುಗಿಸಿ ಮೊದಲಿನ ಜಾಗಕ್ಕೆ ತನ್ನಿ. ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಹೀಗಾದರೆ ಸ್ಪ್ರಿಂಗ್ ಉದ್ದ ಜಾಸ್ತಿ. ಸುರುಳಿಗಳು ಒಂದಕ್ಕೊಂದು ತಾಗಿ ಗಟ್ಟಿ ಕೊಳವೆಯ ಹಾಗೆ ಆಗಿವೆ, ಪಿಸ್ಟನ್ ಸಿಯರ್ ತನಕ ಬರುತ್ತಿಲ್ಲ. ಬಲವಂತ ಮಾಡಿದರೆ ಲಿಂಕ್ ಕಡ್ಡಿ ಬಾಗುತ್ತದೆ.

ಒಮ್ಮೆ ಹಿಡಿದು, ಇನ್ನೊಮ್ಮೆ ಜಾರುವ ಪಿಸ್ತೂಲು ಎಲ್ಲಕ್ಕಿಂತ ಅಪಾಯದ್ದು. ಸಿಯರ್ ಅಂಚು ಸವೆದಿದೆ ಅಥವಾ ಅದರ ಸಣ್ಣ ಸ್ಪ್ರಿಂಗ್ ಜಾಗ ಬಿಟ್ಟಿದೆ. ಅದನ್ನು ಬಳಸುವುದು ಆಗಲೇ ನಿಲ್ಲಿಸಿ. ಸಿಯರಿಗೆ ಅರ ಹಾಕಿ 'ಚೂಪು' ಮಾಡುವ ಸಾಹಸ ಬೇಡವೇ ಬೇಡ. ಅದರ ಗಡಸು ಮೇಲ್ಪದರ ತೆಳುವಾಗಿರುತ್ತದೆ, ಅದು ಹೋದರೆ ಒಳಗಿನ ಮೆತ್ತನೆ ಲೋಹ ಬೇಗ ಸವೆಯುತ್ತದೆ. ಭಾಗವನ್ನೇ ಬದಲಿಸಬೇಕು.

ಕಾಕ್ ಆಗಿ, ಟ್ರಿಗರ್ ಎಳೆದರೂ ಬಿಡುತ್ತಿಲ್ಲ ಅಂದರೆ ಮೊದಲು ಸೇಫ್ಟಿ ನೋಡಿ. ಬ್ಯಾರೆಲ್ ಪೂರ್ತಿ ಮುಚ್ಚಿದೆಯೇ ನೋಡಿ. ಹಲವು ಪಿಸ್ತೂಲುಗಳಲ್ಲಿ ಬ್ಯಾರೆಲ್ ಮುಚ್ಚದೆ ಟ್ರಿಗರ್ ಕೆಲಸ ಮಾಡದ ಹಾಗೆ ಅಡ್ಡಗಟ್ಟೆ ಇರುತ್ತದೆ. ಎರಡೂ ಸರಿಯಿದ್ದು ಬಿಡದಿದ್ದರೆ, ಅದನ್ನು ಸುರಕ್ಷಿತ ದಿಕ್ಕಿಗೆ ಇಟ್ಟು ಅರಿತ ರಿಪೇರಿಯವರನ್ನು ಕರೆಯಿರಿ. ಕಾಕ್ ಆದ ಪಿಸ್ತೂಲಿನ ಒಂದು ಪಿನ್ನನ್ನೂ ಹೊಡೆಯಬೇಡಿ.

ಈಗ ಬಿಚ್ಚಬಹುದು

ಹೊರಗಿನದೆಲ್ಲ ಸರಿ ಇದೆ, ವೇಗ ಮಾತ್ರ ಇಲ್ಲ. ಅಥವಾ ಕಾಕ್ ಮಾಡುವಾಗ ಒಳಗೆ ಕರಕರ ಅನ್ನುತ್ತಿದೆ. ಆಗ ಒಳಗೆ ಹೋಗಬೇಕು. ಕರಕರ ಸದ್ದಿನ ಜೊತೆ ಕಾಕ್ ಮಾಡುವುದೂ ಹಗುರವಾಗಿದ್ದರೆ ಸ್ಪ್ರಿಂಗ್ ಮುರಿದಿರುವ ಸಾಧ್ಯತೆ ಜಾಸ್ತಿ. ಮುರಿದ ಎರಡು ತುಂಡು ಒಂದರೊಳಗೊಂದು ಸುತ್ತಿಕೊಂಡು, ಗಿಡ್ಡ ಸ್ಪ್ರಿಂಗಿನ ಹಾಗೆ ಕೆಲಸ ಮುಂದುವರಿಸುತ್ತವೆ.

ಕಾಕ್ ಮಾಡದಿದ್ದರೂ ಸ್ಪ್ರಿಂಗ್ ಒತ್ತಿಕೊಂಡೇ ಕೂತಿರುತ್ತದೆ. ಸಿಲಿಂಡರಿನ ಹಿಂಬದಿಯ ಬಿರಡೆ ಅದನ್ನು ತಡೆದಿರುತ್ತದೆ. ಬಿರಡೆಯ ಪಿನ್ ತೆಗೆದ ಕ್ಷಣ ಅದು ಹಾರುತ್ತದೆ. ನನ್ನದರಲ್ಲಿ ಬಿರಡೆ 4 ಸೆಂಟಿಮೀಟರ್ ಹೊರಗೆ ಬಂದ ಮೇಲಷ್ಟೇ ಸ್ಪ್ರಿಂಗ್ ಸಡಿಲವಾಯಿತು. ಕೈಯಲ್ಲಿ ಹಿಡಿಯುತ್ತೇನೆ ಅನ್ನುವ ಧೈರ್ಯ ಬೇಡ.

ಬಡಗಿಗಳು ಬಳಸುವ ಉದ್ದನೆ ಬಾರ್ ಕ್ಲಾಂಪ್ ಒಳ್ಳೆಯದು. ಸಿಲಿಂಡರಿನ ಮುಂತುದಿಗೆ ಒಂದು ಮರದ ತುಂಡು ಕೊಡಿ, ಬಿರಡೆಗೆ ಇನ್ನೊಂದು. ಮರದಲ್ಲಿ ಸಣ್ಣ ಗುಳಿ ತೋಡಿದರೆ ಪಕ್ಕಕ್ಕೆ ಜಾರುವುದಿಲ್ಲ. ಕ್ಲಾಂಪ್ ಸ್ವಲ್ಪ ಬಿಗಿ ಮಾಡಿದಾಗ ಪಿನ್ನಿನ ಮೇಲಿನ ಭಾರ ಇಳಿಯುತ್ತದೆ. ಆಗ ಸರಿಯಾದ ದಪ್ಪದ ಪಂಚ್ ಇಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ. ಪಿನ್ ಬಿಗಿ ಅಂತ ಅನ್ನಿಸಿದರೆ ಕ್ಲಾಂಪನ್ನು ಚೂರು ಆಚೆ ಈಚೆ ಮಾಡಿ, ಜೋರಾಗಿ ಹೊಡೆಯಬೇಡಿ. ಪಿನ್ ಹೊರಬಂದ ಮೇಲೆ ಮೇಲೊಂದು ದಪ್ಪ ಬಟ್ಟೆ ಹೊದಿಸಿ ಕ್ಲಾಂಪನ್ನು ನಿಧಾನವಾಗಿ ಬಿಡಿಸಿ. ಮುಖವನ್ನು ಬಿರಡೆಯ ನೇರಕ್ಕೆ ತರಬೇಡಿ. ಬಿರಡೆ ತಿರುಪಿನ ಬಗೆಯದಾದರೆ ಕೊನೆಯ ಸುತ್ತು ತಿರುಗಿಸುವ ಮುಂಚೆಯೇ ಕ್ಲಾಂಪ್ ಹಾಕಿರಬೇಕು, ಕೊನೆಯ ಎಳೆ ಬಿಟ್ಟಾಗ ಅದೂ ಹಾರುತ್ತದೆ.

ಟ್ರಿಗರ್ ಚೌಕಟ್ಟು ಮೊದಲೋ ಬ್ಯಾರೆಲ್ ಮೊದಲೋ ಅನ್ನುವುದು ಮಾದರಿಗೆ ತಕ್ಕಂತೆ ಬೇರೆ. ನಿಮ್ಮ ಮಾದರಿಯ ಬಿಡಿಭಾಗಗಳ ಚಿತ್ರ ಮುಂದಿಟ್ಟುಕೊಳ್ಳಿ. ಪ್ರತಿ ಹೆಜ್ಜೆಗೂ ಒಂದು ಫೋಟೋ ತೆಗೆಯಿರಿ. ಟ್ರಿಗರಿನ ಸಣ್ಣ ಸ್ಪ್ರಿಂಗ್‌ಗಳ ಕಾಲು ಯಾವ ಕಡೆ ಇತ್ತು ಅನ್ನುವುದು ಮೂರು ದಿನ ಬಿಟ್ಟು ಯಾರಿಗೂ ನೆನಪಿರುವುದಿಲ್ಲ.

ಸ್ಪ್ರಿಂಗ್ ಹೊರಗೆ ಬಂತು, ಲಿಂಕ್ ಕಡ್ಡಿ ಬಿಡಿಸಿದ್ದಾಯಿತು. ಪಿಸ್ಟನ್ನನ್ನು ಈಗಲೇ ತೆಗೆಯಬೇಡಿ. ಒಂದು ಚಂದದ ಪರೀಕ್ಷೆ ಇದೆ. ಹೆಬ್ಬೆರಳಿನಿಂದ ಗಾಳಿಕಿಂಡಿ ಮುಚ್ಚಿ. ಒಂದು ಮರದ ಕಡ್ಡಿಯಿಂದ ಪಿಸ್ಟನ್ನನ್ನು ಒಳಕ್ಕೆ ತಳ್ಳಿ. ಸೈಕಲ್ ಪಂಪಿನ ಬಾಯಿ ಮುಚ್ಚಿ ಒತ್ತಿದ ಹಾಗೆ ಅದು ಎದುರಿಸಬೇಕು, ಕೈ ಬಿಟ್ಟರೆ ಹಿಂದಕ್ಕೆ ಜಿಗಿಯಬೇಕು. ನಾನು ಎರಡನೇ ಸಲ ಬಿಚ್ಚಿದಾಗ ಪಿಸ್ಟನ್ 'ಸ್ಸ್ಸ್' ಅಂತ ಸುಮ್ಮನೆ ಒಳಗೆ ಹೋಯಿತು. 104ರಿಂದ 120ರ ನಡುವಿನ ಗಾಳಿ ಅಲ್ಲೇ ಹೋಗುತ್ತಿತ್ತು.

ಹೇಗಾಯಿತು ಅಂದರೆ, ಮೊದಲ ಸಲ ಸ್ಪ್ರಿಂಗ್ ಹಾಕುವಾಗ 'ಹೇಗೂ ಬಿಚ್ಚಿದ್ದೇನೆ' ಅಂತ ಹೊಸ ಪಿಸ್ಟನ್ ಸೀಲನ್ನೂ ಹಾಕಿದ್ದೆ. ಸಿಲಿಂಡರಿನ ಕೆಳಗೆ ಲಿಂಕ್ ಕಡ್ಡಿ ಓಡಾಡಲು ಉದ್ದನೆ ಸೀಳು ಇರುತ್ತದೆ. ಅದರ ಅಂಚು ಬ್ಲೇಡಿನಷ್ಟು ಚೂಪಾಗಿತ್ತು. ಸೀಲ್ ಅದರ ಮೇಲೆ ಜಾರುವಾಗ ತುಟಿಯಿಂದ ಉಗುರಿನ ಚೂರಿನಷ್ಟು ಕತ್ತರಿಸಿಹೋಗಿತ್ತು. ಹೊಸ ಸೀಲ್ ಹಾಳು ಮಾಡಿದ್ದು ನಾನೇ.

ಹಾಗಾಗಿ ಸೀಲ್ ಹಾಕುವ ಮೊದಲು ಸೀಳಿನ ಅಂಚನ್ನು ನುಣ್ಣನೆ ಉಜ್ಜುಕಾಗದದಿಂದ ಸವರಿ, ಹತ್ತಿಯ ಎಳೆ ಸಿಕ್ಕದಷ್ಟು ನಯ ಮಾಡಿ. ಪುಡಿಯನ್ನೆಲ್ಲ ಒರೆಸಿ. ಪಿಸ್ಟನ್ ತೂರಿಸುವಾಗ ತೆಳು ಪ್ಲಾಸ್ಟಿಕ್ ಹಾಳೆಯನ್ನು ಒಳಗೆ ಸುರುಳಿ ಮಾಡಿ ಇಟ್ಟು, ಸೀಲ್ ಸೀಳನ್ನು ದಾಟಿದ ಮೇಲೆ ಎಳೆದು ತೆಗೆಯಿರಿ. ಸೀಲ್ ತೀರಾ ಬಿಗಿ ಇದ್ದರೂ ತೊಂದರೆ, ಪಿಸ್ಟನ್ ನಿಧಾನವಾಗುತ್ತದೆ. ಬೆರಳಿನ ಒತ್ತಡಕ್ಕೆ ಒಂದೇ ಸಮ ಸರಿಯಬೇಕು.

ಸ್ಪ್ರಿಂಗನ್ನು ಗಾಜಿನ ಮೇಲೆ ಉರುಳಿಸಿ ನೋಡಿ. ತೂಗಾಡುತ್ತ ಉರುಳಿದರೆ ಅದು ಬಾಗಿದೆ. ಹೊಡೆದ ಮೇಲೆ 'ಝುಂಯ್' ಅನ್ನುವ ಕಂಪನಕ್ಕೆ ಬಾಗಿದ ಸ್ಪ್ರಿಂಗ್ ಕಾರಣ ಇರಬಹುದು. ಸ್ಪ್ರಿಂಗನ್ನು ನೇರವಾಗಿ ನಿಲ್ಲಿಸುವ ಒಳಗಿನ ಗೈಡ್ ಕಡ್ಡಿ ಸಡಿಲ ಇದ್ದರೂ ಅದೇ ಸದ್ದು. ಉದ್ದವನ್ನು ಹೊಸದರ ಜೊತೆ ಹೋಲಿಸಿ. ಕೆಲವು ಮಿಲಿಮೀಟರ್ ಗಿಡ್ಡ ಆಗುವುದು ಸಾಮಾನ್ಯ, ಹೊಸ ಸ್ಪ್ರಿಂಗೂ ಶುರುವಿನ ಹೊಡೆತಗಳಲ್ಲಿ ಸ್ವಲ್ಪ ಕುಗ್ಗಿಯೇ ನಿಲ್ಲುತ್ತದೆ. ವಾರಗಟ್ಟಲೆ ಕಾಕ್ ಮಾಡಿ ಇಟ್ಟಿದ್ದರೆ ಮಾತ್ರ ಜಾಸ್ತಿ ಕುಗ್ಗಿರುತ್ತದೆ. ಬದಲಿಸುವುದಾದರೆ ಅದೇ ಅಳತೆಯದ್ದು ಹಾಕಿ. 'ಡಬಲ್ ಪವರ್' ಸ್ಪ್ರಿಂಗ್ ಆಸೆ ಬೇಡ. ಅದರಿಂದ ಒದೆತ ಮತ್ತು ಸವೆತ ಹೆಚ್ಚುತ್ತದೆ, ವೇಗ ಅಷ್ಟಾಗಿ ಹೆಚ್ಚುವುದಿಲ್ಲ, ಯಾಕೆಂದರೆ ಸಿಲಿಂಡರಿನಲ್ಲಿ ಇರುವ ಗಾಳಿ ಅಷ್ಟೇ. ಕಾನೂನಿನ ಮಿತಿಯೂ ಇದೆ. ಬ್ರಿಟನ್ನಿನಲ್ಲಿ ಏರ್ ಪಿಸ್ತೂಲಿಗೆ 6 ಫುಟ್-ಪೌಂಡ್, ಅಂದರೆ ಸುಮಾರು 8.1 ಜೂಲ್ ಮಿತಿ. ನಿಮ್ಮಲ್ಲಿನ ಮಿತಿ ತಿಳಿದಿರಲಿ.

ಎಣ್ಣೆ, ಗ್ರೀಸ್, ಜೋಡಣೆ

ಹಳೆ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆಯಬಹುದು. ಆದರೆ ಸಿಲಿಂಡರಿನೊಳಗೆ ಅದರ ಪಸೆ ಉಳಿದರೆ ಮತ್ತೆ ಡೀಸಲಿಂಗ್. ಕೊನೆಗೆ ಒಮ್ಮೆ ಆಲ್ಕೋಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ. ಸೀಲನ್ನು ಸೀಮೆಎಣ್ಣೆಯಲ್ಲಿ ಅದ್ದಬೇಡಿ.

ಗ್ರೀಸ್ ಹಾಕುವಾಗ ಕೈ ಹಿಡಿತ ಇರಲಿ. ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಕಪ್ಪು ಪೇಸ್ಟನ್ನು ಪಿಸ್ಟನ್ನಿನ ಪಕ್ಕಗಳಿಗೆ, ಗೈಡ್ ಕಡ್ಡಿಗೆ, ಸಿಯರ್ ಅಂಚಿಗೆ, ಕೀಲಿಗೆ ತೆಳುವಾಗಿ ಸವರಿ. ಹಚ್ಚಿ ಒರೆಸಿದ ಮೇಲೆ ಉಳಿಯುವ ಬಣ್ಣದಷ್ಟು ಸಾಕು. ಸೀಲಿನ ಮುಂದೆ, ಗಾಳಿ ಒತ್ತುವ ಜಾಗದಲ್ಲಿ, ಏನೂ ಬೇಡ. ಸ್ಪ್ರಿಂಗಿನ ಸದ್ದು ತಗ್ಗಿಸಲು ಟಾರಿನಂಥ ಅಂಟು ಗ್ರೀಸ್ ಬಳಸುವವರಿದ್ದಾರೆ. ಕೆಲಸ ಮಾಡುತ್ತದೆ, ಆದರೆ ಪಿಸ್ತೂಲಿನ ಸಣ್ಣ ಸ್ಪ್ರಿಂಗಿಗೆ ಅದು ಭಾರ. ಸ್ವಲ್ಪ ಜಾಸ್ತಿ ಆದರೂ ವೇಗ ಇಳಿಯುತ್ತದೆ.

ಜೋಡಣೆ ಬಿಚ್ಚಿದ್ದರ ಉಲ್ಟಾ. ಬಿರಡೆಯನ್ನು ಕ್ಲಾಂಪಿನಲ್ಲಿ ಒತ್ತುವಾಗ ಪಿನ್ನಿನ ತೂತುಗಳು ನೇರಕ್ಕೆ ಬಂದಿವೆಯೇ ನೋಡಿ. ಓರೆ ಇದ್ದರೆ ಸಡಿಲಿಸಿ ಮತ್ತೆ ಶುರು ಮಾಡಿ.

ಮೊದಲ ಸಲ ಕಾಕ್ ಮಾಡುವಾಗ ಬ್ಯಾರೆಲ್ ಮೇಲಿನ ಕೈ ತೆಗೆಯಬೇಡಿ. 'ಕ್ಲಿಕ್' ಕೇಳಿದ ಮೇಲೂ ಹಿಡಿದುಕೊಂಡೇ ಇರಿ, ಸಿಯರ್ ನಿಂತಿದೆಯೇ ನೋಡಿ. ಪೆಲೆಟ್ ಹಾಕಿ, ಮುಚ್ಚಿ, ಗುರಿಪೆಟ್ಟಿಗೆಯ ಕಡೆ ತಿರುಗಿಸಿ. ಟ್ರಿಗರ್ ಮುಟ್ಟದೆ ಹಿಡಿಕೆಯನ್ನು ಅಂಗೈಯಿಂದ ಒಂದೆರಡು ಸಲ ತಟ್ಟಿ. ತಾನಾಗೇ ಬಿಟ್ಟರೆ ಮತ್ತೆ ಬಿಚ್ಚುವ ಕೆಲಸ ಇದೆ. ನಿಂತರೆ ಹೊಡೆಯಿರಿ.

ನಾನು ಮೂರನೇ ಸೀಲ್ ಹಾಕಿ ಜೋಡಿಸಿದ ಮೇಲೆ ಮೊದಲ ಇಪ್ಪತ್ತು ಹೊಡೆತ ಹೊಗೆ, ಹುಚ್ಚು ವೇಗ. ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಐವತ್ತರ ಹೊತ್ತಿಗೆ ಸದ್ದು ಮತ್ತೆ 'ಟಪ್' ಆಯಿತು, ಸರಾಸರಿ 118ಕ್ಕೆ ನಿಂತಿತು. ಕ್ಲಾಂಪ್ ಇನ್ನೂ ಮೇಜಿನ ಮೇಲೇ ಇತ್ತು. ಕುತೂಹಲ ತಡೆಯಲಿಲ್ಲ. ಹೊಸ ಸ್ಪ್ರಿಂಗ್ ತೆಗೆದು, 'ಸತ್ತಿದೆ' ಅಂತ ಬಿಸಾಡಲು ಇಟ್ಟಿದ್ದ ಹಳೆಯದನ್ನೇ ಮತ್ತೆ ಹಾಕಿದೆ. ಹೊಸದಕ್ಕಿಂತ ಅದು 3 ಮಿಲಿಮೀಟರ್ ಗಿಡ್ಡ. 10 ಹೊಡೆತದ ಸರಾಸರಿ 117 ಬಂತು. ಅದೇ ಈಗಲೂ ಒಳಗಿದೆ.